ಮೂರನೆಯ ಕೋಷ್ಟಕ

ಡಾ. ರಾಜಶೇಖರ ಇಟಗಿಯವರು ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ಅವರ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸಿ, ಅವರ ಜಾಗಕ್ಕೆ ಇನ್ನೊಬ್ಬರನ್ನು ನಮೂದಿಸಿದರೆ ಮುಗಿಯಿತು, ಊಟದ ಹೊತ್ತಿಗೆಲ್ಲ ಆಗಿಹೋಗುವ ಕೆಲಸ ಎಂದುಕೊಂಡೇ ಮಹಾನಂದಾ ಆ ಕಡತ ತೆರೆದಳು.

ಮಹಾನಂದಾ ಕಮ್ಮಾರ ಧಾರವಾಡದ ಒಂದು ಸಂಶೋಧನಾ ಪತ್ರಿಕೆಯ ಕಚೇರಿಯಲ್ಲಿ ಕರ್ತೃತುಲೆ ನಡೆಸುವವಳು. ಹಿಂದೊಮ್ಮೆ ಯಂತ್ರಗಳು ಬರೆದ ಸುಳ್ಳು ಪ್ರಬಂಧಗಳು ಪ್ರವಾಹದಂತೆ ಬಂದು, ಯಾವ ಪ್ರಯೋಗವನ್ನು ಯಾರಾದರೂ ನಿಜಕ್ಕೂ ಮಾಡಿದ್ದಾರೋ ಇಲ್ಲವೋ ಎಂಬುದೇ ತಿಳಿಯದ ಕಾಲ ಬಂದಿತ್ತು. ಯಾರೂ ಮಾಡದ ಪ್ರಯೋಗವನ್ನು ನಂಬಿ ತಯಾರಿಸಿದ ಔಷಧಗಳಿಂದ ಜನ ಸತ್ತರು. ಆಮೇಲೆ ಬಂದದ್ದು ಹೊಣೆ ಕಾಯ್ದೆ. ಪ್ರತಿ ಪ್ರಬಂಧಕ್ಕೂ ಉತ್ತರ ಹೇಳುವ, ಬದುಕಿರುವ ಒಬ್ಬ ಮನುಷ್ಯ ಬೇಕು. ಆ ಕೆಲಸದಲ್ಲಿ ಅವರ ಪಾಲು ಕನಿಷ್ಠ ಮೂರರಲ್ಲೊಂದಾದರೂ ಇರಬೇಕು. ಕಾಯ್ದೆಗೂ ಹಿಂದಿನ ಪ್ರಬಂಧಗಳಿಗೆ ಮೊದಲ ಹೆಸರಿನವರನ್ನೇ, ತೂಗದೆ, ಹೊಣೆಗಾರರೆಂದು ಬರೆದುಕೊಂಡಿದ್ದರು. ಹೊಣೆಗಾರ ಕರ್ತೃ ಸತ್ತರೆ ಉಳಿದವರನ್ನು ತೂಗಿ ಇನ್ನೊಬ್ಬರನ್ನು ಹುಡುಕಬೇಕು. ನಲವತ್ತು ದಿನದಲ್ಲಿ ಸಿಗದಿದ್ದರೆ ಪ್ರಬಂಧ ರದ್ದು. ಅದನ್ನು ನಂಬಿ ನಡೆಯುವ ಚಿಕಿತ್ಸೆಯೂ ಬಂದ್.

ಪಾಲು ತೂಗುವುದು ಕರ್ತೃತುಲೆಯ ಕೆಲಸ. ಪ್ರಯೋಗಾಲಯದ ವಹಿ, ಉಪಕರಣಗಳ ದಾಖಲೆ, ಕರಡುಪ್ರತಿ, ಪತ್ರವ್ಯವಹಾರ ಎಲ್ಲವನ್ನೂ ಅದಕ್ಕೆ ಉಣಿಸಬೇಕು. ಅದು ಅಕ್ಷರದ ಚಂದ ನೋಡುವುದಿಲ್ಲ. ಆಲೋಚನೆಯ ನಡಿಗೆ ನೋಡುತ್ತದೆ. ಒಬ್ಬೊಬ್ಬರು ತಪ್ಪುವ ರೀತಿಯೇ ಬೇರೆ, ತಪ್ಪನ್ನು ತಿದ್ದುವ ರೀತಿಯೇ ಬೇರೆ. ಯಾವ ಅಂಕಿಯನ್ನು ಮೊದಲು ಅನುಮಾನಿಸುತ್ತಾರೆ, ಎಲ್ಲಿ ತಡವರಿಸುತ್ತಾರೆ, ಎಲ್ಲಿ ದಾರಿ ಬದಲಿಸುತ್ತಾರೆ ಎಂಬುದನ್ನೆಲ್ಲ ಹಿಡಿದು ಅದು ಈ ಕೆಲಸದಲ್ಲಿ ಯಾರ ತಲೆ ಎಷ್ಟು ಓಡಿದೆ ಎಂದು ನೂರಕ್ಕೆ ಲೆಕ್ಕ ಹಾಕಿ ಹೇಳುತ್ತಿತ್ತು.

ಮಹಾನಂದಾ ತೂಗಿದಳು. ಫಲಿತಾಂಶ ಬಂದಾಗ ಎಲ್ಲೋ ಕಡತ ಅದಲುಬದಲಾಗಿದೆ ಎಂದುಕೊಂಡು ಮತ್ತೊಮ್ಮೆ ತೂಗಿದಳು. ಅದೇ ಉತ್ತರ. ಇಟಗಿಯವರ ಪಾಲು ಆರು. ಜೊತೆಯ ಆರು ಮಂದಿ ಕರ್ತೃಗಳದ್ದೆಲ್ಲ ಸೇರಿ ಐದು. ಉಳಿದ ಎಂಬತ್ತೊಂಬತ್ತರ ಎದುರು ತುಲೆ ಹೀಗೆ ತೋರಿಸುತ್ತಿತ್ತು: ಹೆಸರಿಲ್ಲದ ಕೈ.

ಬೇರೆ ಯಾವ ಪ್ರಬಂಧವಾಗಿದ್ದರೂ ಅವಳು ಸಂಪಾದಕರಿಗೆ ಒಂದು ಟಿಪ್ಪಣಿ ಬರೆದು ಸುಮ್ಮನಾಗುತ್ತಿದ್ದಳು. ಆದರೆ ಇದು ಧಾರಿಣಿಯ ಪ್ರಬಂಧ. ನರಶೋಷ ಎಂಬ ಕಾಯಿಲೆಗೆ ಜಗತ್ತಿನಲ್ಲಿ ಇದ್ದದ್ದು ಧಾರಿಣಿ ಎಂಬ ಒಂದೇ ಚುಚ್ಚುಮದ್ದು. ಮೊದಲು ಬೆರಳು, ಆಮೇಲೆ ಕಾಲು, ಕೊನೆಗೆ ಉಸಿರೆಳೆಯುವ ಸ್ನಾಯು, ಹೀಗೆ ಒಂದೊಂದನ್ನೇ ಒಣಗಿಸುತ್ತ ಬರುವ ಕಾಯಿಲೆ ಅದು. ದೇಶದಲ್ಲಿ ಮುನ್ನೂರ ಹನ್ನೆರಡು ಮಂದಿ ಇಪ್ಪತ್ತೊಂದು ದಿನಕ್ಕೊಮ್ಮೆ ಧಾರಿಣಿ ತೆಗೆದುಕೊಂಡು ಬದುಕಿದ್ದರು. ಅವರಲ್ಲೊಬ್ಬ ಅವಳ ಗಂಡ ಗುರುಪಾದ.

*

ಗುರುಪಾದನದು ಹಾರ್ಮೋನಿಯಂ ದುರಸ್ತಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ರೀಡಿನ ಹಿತ್ತಾಳೆಯನ್ನು ಕೂದಲೆಳೆಯಷ್ಟು ಕೆರೆದು, ಊದಿ, ಕಿವಿಗೊಟ್ಟು, ಮತ್ತೆ ಕೆರೆದು ಸ್ವರಕ್ಕೆ ತರುವ ಕೆಲಸ. ಆರು ವರ್ಷದ ಹಿಂದೆ ಅವನ ಬೆರಳು ಅಂಗಿಯ ಗುಂಡಿ ಹಾಕಲೂ ಆಗದಷ್ಟು ಸೋತಿದ್ದವು. ಧಾರಿಣಿ ಶುರುವಾದ ಮೂರನೇ ತಿಂಗಳಿಗೆ ಅವನು ಮತ್ತೆ ಕೆರೆಯುವ ಉಳಿ ಹಿಡಿದಿದ್ದ.

ಆ ಸಂಜೆ ಮಹಾನಂದಾ ಮನೆಗೆ ಬಂದಾಗ ಅವನು ಗದುಗಿನಿಂದ ಬಂದ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯೊಂದನ್ನು ಬಿಚ್ಚಿಕೊಂಡು ಕೂತಿದ್ದ.

“ಯಾಕ, ಮಾರಿ ಸಣ್ಣ ಆಗೇತಿ?” ಎಂದ.

“ತಲಿ ನೋಯಾಕತ್ತೇತ್ರಿ.”

“ಮದ್ದಿನ ದಿನ ಯಾವತ್ತು?”

“ಬರೂ ಗುರುವಾರ.” ಹೇಳಿ ಅವಳು ಅಡುಗೆಮನೆಗೆ ಹೋದಳು. ನಲವತ್ತು ದಿನದಲ್ಲಿ ಮದ್ದಿನ ಗುರುವಾರ ಇನ್ನೆರಡೇ ಸಿಗುತ್ತವೆ, ಆಮೇಲಿನದು ಗೊತ್ತಿಲ್ಲ. ಹಿಟ್ಟು ಕಲಸುತ್ತ ಅವಳು ಅದನ್ನೇ ಎಣಿಸಿದಳು.

ಮರುದಿನದಿಂದ ಹುಡುಕಾಟ. ವಹಿಗಳಲ್ಲಿ ಹೆಸರಿರಲಿಲ್ಲ, ಮೂರು ವಹಿಗಳ ಮೊದಲ ಹಾಳೆ ಹರಿದಿತ್ತು. ಇಟಗಿಯವರ ಸಂಸ್ಥೆಗೆ ಫೋನ್ ಮಾಡಿದರೆ “ಇಪ್ಪತ್ತಾರು ವರ್ಷದ ಹಿಂದಿನ ಮಾತು” ಎಂಬ ಉತ್ತರ ಬಂತು. ಜೊತೆಯ ಕರ್ತೃಗಳಲ್ಲಿ ಒಬ್ಬರು ಈಗ ಆ ಸಂಸ್ಥೆಯ ನಿರ್ದೇಶಕರು. ಅವರು ಫೋನನ್ನೇ ಎತ್ತಲಿಲ್ಲ. ಕೊನೆಗೆ ಮಹಾನಂದಾ ತುಲೆಗೆ ಇನ್ನೊಂದು ಕೆಲಸ ಹಚ್ಚಿದಳು. ಸಾರ್ವಜನಿಕವಾಗಿ ಸಿಗುವ ಎಲ್ಲ ದಾಖಲೆಗಳಲ್ಲಿ ಈ ಕೈಯ ನಡಿಗೆಯನ್ನು ಹುಡುಕು ಎಂದಳು. ಅದು ಹಗಲಿರುಳು ಹುಡುಕಿತು.

ಮೂವತ್ತೊಂದನೆಯ ದಿನ ಉತ್ತರ ಬಂತು. ಹೊಂದಾಣಿಕೆಯಾದದ್ದು ಯಾವ ವಿಶ್ವವಿದ್ಯಾಲಯದ ಕಾಗದವೂ ಅಲ್ಲ, ನರಗುಂದ ಪುರಸಭೆಯ ದಿನವಹಿ ನೀರಿನ ವರದಿ. ಬೋರವೆಲ್ಲಿನ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆಯುವ ಯಾರೋ ಪ್ರತಿ ಅಳತೆಯನ್ನೂ ಮೂರು ಸಲ ಮಾಡಿ ಮೊದಲನೆಯದನ್ನು ಬಿಡುತ್ತಿದ್ದರು. ತಪ್ಪಾದ ಅಂಕಿಯನ್ನು ಹೊಡೆದುಹಾಕದೆ ಏಕೆ ತಪ್ಪಿತೆಂದು ಪಕ್ಕದಲ್ಲೇ ಬರೆಯುತ್ತಿದ್ದರು. ಕೆಳಗೆ ಸಹಿ: ಕಸ್ತೂರಿ ದೊಡಮನಿ.

*

ನರಗುಂದದ ನೀರಿನ ಟಾಕಿಯ ಹಿಂದೆ ಒಂದೇ ಕಿಟಕಿಯ ಕೋಣೆ. ಐವತ್ತೈದು ದಾಟಿದ ಹೆಂಗಸೊಬ್ಬಳು ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದಳು. ಮಹಾನಂದಾ ತನ್ನ ಪರಿಚಯ ಹೇಳಿ, “ಇಟಗಿ ಸರ್ ತೀರಿಕೊಂಡ್ರು” ಎಂದಳು.

“ಪೇಪರನ್ಯಾಗ ಓದೀನ್ರಿ. ದೊಡ್ಡ ಫೋಟೋ ಹಾಕಿದ್ರು.” ಕಸ್ತೂರಿ ನಳಿಗೆಯಿಂದ ಕಣ್ಣು ತೆಗೆಯಲಿಲ್ಲ.

“ಧಾರಿಣಿ ಪ್ರಬಂಧ ನಿಮ್ಮದು ಅಂತ ತುಲೆ ಹೇಳಾಕತ್ತೇತ್ರಿ. ಎಂಬತ್ತೊಂಬತ್ತು ಪಾಲು.”

ಕಸ್ತೂರಿ ನಳಿಗೆಯನ್ನು ನಿಧಾನವಾಗಿ ಸ್ಟ್ಯಾಂಡಿನಲ್ಲಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು. “ಎಂಬತ್ತೊಂಬತ್ತಾ? ನಾ ತೊಂಬತ್ತರ ಮ್ಯಾಲ ಅಂದ್ಕೊಂಡಿದ್ದೆ” ಎಂದಳು. ನಗಲು ಹೋದ ಮುಖ ಅರ್ಧಕ್ಕೇ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

ಮಹಾನಂದಾ ಚೀಲದಿಂದ ಹೊಣೆಪತ್ರ ತೆಗೆದು ಮೇಜಿನ ಮೇಲಿಟ್ಟಳು. “ಇಲ್ಲೊಂದು ಸಹಿ ಮಾಡ್ರಿ ಬಾಯಾರ. ಇನ್ನ ಎಂಟು ದಿನ ಉಳದಾವ. ನಿಮ್ಮ ಹೆಸರು ಮೊದಲ ಬರ್ತೇತಿ. ಮದ್ದೂ ನಿಲ್ಲಂಗಿಲ್ಲ.”

ಕಸ್ತೂರಿ ಪತ್ರ ಓದಿದಳು. ಮುಟ್ಟಲಿಲ್ಲ. “ಇದರಾಗ ಏನ್ ಬರದೈತಿ ನೋಡೀರಿಲ್ಲೋ? ‘ಈ ಪ್ರಬಂಧದ ಪ್ರತಿ ಅಕ್ಷರಕ್ಕೂ ನಾನು ಉತ್ತರಿಸುತ್ತೇನೆ’ ಅಂತ. ನಾ ಸಹಿ ಮಾಡಂಗಿಲ್ರಿ.”

“ಯಾಕ್ರಿ?”

“ಮೂರನೇ ಕೋಷ್ಟಕ ನಂದಲ್ಲ.”

ಅವಳು ಹೇಳಿದ್ದು ಇಷ್ಟು. ಅವಳು ಇಟಗಿಯವರ ಕೈಕೆಳಗೆ ಸಂಶೋಧನೆಗೆ ಸೇರಿದವಳು. ಧಾರಿಣಿಯ ಅಣುವನ್ನು ಯೋಚಿಸಿದ್ದೂ ಮಾಡಿದ್ದೂ ಅವಳೇ. ನಲವತ್ತು ಇಲಿಗಳಿಗೆ ಒಂದು ವರ್ಷ ಪೂರ್ತಿ ಪ್ರಮಾಣ ಕೊಟ್ಟಿದ್ದಳು. ಕಾಲು ಗಟ್ಟಿಯಾದವು, ಉಸಿರು ಗಟ್ಟಿಯಾಯಿತು. ಆದರೆ ಕೊಯ್ದು ನೋಡಿದಾಗ ಹನ್ನೊಂದು ಇಲಿಗಳ ಹೃದಯ ಊದಿತ್ತು.

“ನನ್ನ ಕೈಲೇ ಒಂದೊಂದು ತೂಗೀನ್ರಿ. ಪ್ರಬಂಧ ಅಚ್ಚಾಗಿ ಬಂದಾಗ ನೋಡಿದ್ರ ಮೂರನೇ ಕೋಷ್ಟಕದಾಗ ನಲವತ್ತೂ ಎದಿ ಸುದ್ದ ಇದ್ದುವು. ಹೋಗಿ ಕೇಳಿದೆ. ಮರುದಿನ ನನ್ನ ಕೋಣಿ ಕೀಲಿ ಬದಲಾಗಿತ್ತು. ಹೆಸರಂತೂ ಮೊದಲ ಇರಲಿಲ್ಲ ಬಿಡ್ರಿ.”

“ಹಂಗಾದ್ರ ಆ ಮದ್ದು...”

“ಅರ್ಧ ಕೊಡಬೇಕಿತ್ತು. ಇನ್ನೊಂದು ನಲವತ್ತು ಇಲಿಗೆ ಅರ್ಧ ಕೊಟ್ಟಿದ್ದೆ. ಎದಿ ಗಟ್ಟಿ ಉಳೀತು, ಉಸರೂ ಉಳೀತು. ಮುಂಗಾಲು ಮಾತ್ರ ಹೋದುವು. ‘ಮುಂಗಾಲು ಹೋದ ಇಲಿ ತೋರಿಸಿದ್ರ ಈ ಮದ್ದು ಯಾರು ತಯಾರಿಸ್ತಾರವ್ವ’ ಅಂದ್ರು ಸರ್.”

ಮಹಾನಂದಾ ಎದ್ದುಬಂದು ಅವಳ ಎರಡೂ ಕೈ ಹಿಡಿದುಕೊಂಡಳು. “ನನ್ನ ಗಂಡ ಅದರ ಮ್ಯಾಲ ಬದುಕ್ಯಾರ್ರಿ. ಹಾರ್ಮೋನಿಯಂ ದುರಸ್ತಿ ಮಾಡ್ತಾರ. ಮದ್ದು ನಿಂತ್ರ ಎರಡು ತಿಂಗಳು ಸೈತ ತಡ್ಯಂಗಿಲ್ಲ. ನಿಮ್ಮ ಕಾಲು ಹಿಡೀತೀನಿ, ಈಗ ಸಹಿ ಮಾಡ್ರಿ, ಆಮ್ಯಾಲ ಬೇಕಾದ್ದು ತಿದ್ದೂಣು.”

ಕಸ್ತೂರಿ ಕೈ ಬಿಡಿಸಿಕೊಳ್ಳಲಿಲ್ಲ. “ಎಷ್ಟ್ ವರ್ಷ ಆತ್ರಿ ಅವರಿಗೆ?” ಎಂದು ಕೇಳಿದಳು.

“ಆರು.”

“ಎದಿ ಸೋತ್ರ ಕಾಲು ಊದ್ತಾವ್ರಿ. ಅವರ ಕಾಲು ಊದ್ತಾವೇನು?”

“ಇಲ್ಲ” ಎಂದಳು ಮಹಾನಂದಾ, ತಡಮಾಡದೆ. ನೋಡಿ ಹೇಳಿದ ಮಾತಲ್ಲ ಅದು.

*

ಕಸ್ತೂರಿ ಸಹಿಗೆ ಒಪ್ಪದ ಸುದ್ದಿ ಕೇಳಿ ಶನಿವಾರ ಮಧ್ಯಾಹ್ನ ಸಂಪಾದಕಿ ಡಾ. ಇಂದುಮತಿ ಕಬ್ಬೂರ ತುಲೆಯ ಕೋಣೆಗೆ ತಾವಾಗಿಯೇ ಬಂದರು. ನಿವೃತ್ತಿಗೆ ಹತ್ತಿರವಾದ, ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಹೆಂಗಸು. ಬಾಗಿಲು ಮುಂದಕ್ಕೆ ತಳ್ಳಿ ಕೂತರು.

“ಮಹಾನಂದಾ, ಆ ಹಾಳಿ ಹರದ ಮೂರು ವಹಿ ನಮಗ ಸಿಕ್ಕೇ ಇಲ್ಲ ಅಂತ ಇಟ್ಕೋರಿ. ಅವನ್ನ ಬಿಟ್ಟು ತೂಗಿದ್ರ ಏನಾಗತೈತಿ?”

ಅವಳು ಅದನ್ನು ಮೊದಲೇ ನೋಡಿಕೊಂಡಿದ್ದಳು. “ನಿರ್ದೇಶಕರ ಪಾಲು ಮೂವತ್ತೆಂಟಕ್ಕ ಏರತೈತ್ರಿ. ಕರಡು ಟೈಪ್ ಮಾಡಿದವರು ಅವರ ಅಲ್ರಿ.”

“ಮೂವತ್ತೆಂಟು ಸಾಕು. ಅವರು ಸಹಿಗೆ ಒಪ್ಪಿದಾರ.” ಇಂದುಮತಿಯವರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. “ಮುನ್ನೂರ ಹನ್ನೆರಡು ಜೀವ. ನಾ ಆಜ್ಞಾ ಮಾಡಾಕತ್ತಿಲ್ಲ. ನಿಮ್ಮ ಮನಿ ಸ್ಥಿತಿ ನನಗ ಗೊತ್ತೈತಿ, ಅಷ್ಟ.”

ಅವರು ಹೋದ ಮೇಲೆ ಮಹಾನಂದಾ ಮೂರು ವಹಿಗಳನ್ನೂ ಒಂದೊಂದಾಗಿ ತೆಗೆದಳು. ‘ಲಭ್ಯವಿಲ್ಲ’ ಎಂದು ಮೂರು ಸಲ ಬರೆದಳು. ತುಲೆ ತೂಗಿ ಮೂವತ್ತೆಂಟು ಎಂದಿತು. ಪ್ರಮಾಣಪತ್ರ ಸಿದ್ಧವಾಯಿತು, ಸೋಮವಾರ ಕಳಿಸಿದರೆ ಮುಗಿಯಿತು. ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿ ಅವಳು ಕೂತಲ್ಲೇ ಅತ್ತಳು. ಮಾರುಕಟ್ಟೆಯಲ್ಲಿ ಗುರುಪಾದನಿಗೆ ಇಷ್ಟವಾದ ಹೀರೇಕಾಯಿ ಕೊಂಡು ಮನೆಗೆ ಹೋದಳು.

ಅವನು ಹಾಸಿಗೆಯ ಅಂಚಿಗೆ ಕೂತು ಕಾಲುಚೀಲ ಕಳಚುತ್ತಿದ್ದ. ಕಾಲುಚೀಲ ಬಂತು, ಅದರ ಗುರುತು ಮಾತ್ರ ಕಾಲಲ್ಲಿ ಆಳವಾಗಿ ಉಳಿಯಿತು. ಮಹಾನಂದಾ ನೆಲಕ್ಕೆ ಕೂತು ಹೆಬ್ಬೆರಳಿನಿಂದ ಅವನ ಮೊಣಕಾಲ ಕೆಳಗೆ ಒತ್ತಿದಳು. ತೆಗೆದ ಮೇಲೂ ಗುಳಿ ಹಾಗೆಯೇ ನಿಂತಿತು.

“ಯಾವಾಗಿಂದ್ರಿ?”

“ಎರಡು ವರ್ಷ ಆಗಿರಬೇಕು. ರೋಗದ್ದ ಅದು, ಅಂಜಬ್ಯಾಡ ಅಂತ ಡಾಕ್ಟರ್ ಅಂದಾರ. ಮೆಟ್ಟಲಾ ಹತ್ತಿದ್ರ ದಮ್ಮು ಬರ್ತೇತಿ ಒಂದೀಟು. ನಿನಗ್ಯಾಕ ಹೇಳೂದು ಅಂತ ಬಿಟ್ಟೆ.”

ಅವಳು ಎಲ್ಲವನ್ನೂ ಹೇಳಿದಳು. ಇಲಿಗಳು, ಮೂರನೆಯ ಕೋಷ್ಟಕ, ಕಸ್ತೂರಿ, ಅರ್ಧ ಪ್ರಮಾಣ, ಮುಂಗಾಲು, ಮಧ್ಯಾಹ್ನ ತಾನು ತೆಗೆದ ವಹಿಗಳು. ಹೇಳುತ್ತ ಹೇಳುತ್ತ ಅವಳಿಗೆ ಇನ್ನೊಂದು ನೆನಪಾಯಿತು. ಐದು ವರ್ಷದ ಹಿಂದೆ ಧಾರಿಣಿ ತೆಗೆದುಕೊಳ್ಳುವವರ ಪಟ್ಟಿಯಲ್ಲಿ ಮುನ್ನೂರ ನಲವತ್ತು ಹೆಸರಿದ್ದವು. ಹೋದ ಇಪ್ಪತ್ತೆಂಟು ಮಂದಿಯ ಎದುರು ‘ಕಾಯಿಲೆ ಉಲ್ಬಣ’ ಎಂದಷ್ಟೇ ಬರೆದಿತ್ತು.

ಗುರುಪಾದ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು ಬೆರಳು ಒಂದೊಂದೇ ಎತ್ತಿ ಇಳಿಸಿದ.

“ಅರ್ಧ ತಗೊಂಡ್ರ ಈ ಕೈ ಹೋಗತಾವ.”

“ಹ್ಞೂಂ.”

“ಪೂರಾ ತಗೊಂಡ್ರ ಎದಿ ಹೋಗತೈತಿ.”

ಅವಳು ನೆಲಕ್ಕೆ ಬಿದ್ದ ಕಾಲುಚೀಲ ಎತ್ತಿ ಮಡಚಿದಳು.

“ನಡುವ ಮದ್ದು ನಿಲ್ಲಿಸಿದ್ರ, ಅರ್ಧದ ಅಪ್ಪಣೆ ಬರೂತನಕ ಉಸರು ಉಳೀತೈತೋ ಇಲ್ಲೋ ಗೊತ್ತಿಲ್ಲ.” ಅವನು ಬೆರಳು ಮಡಚಿಕೊಂಡ. “ನನ್ನ ಕೇಳಬ್ಯಾಡ ಮಹಾನಂದಾ. ನಾ ಹ್ಞೂಂ ಅನ್ನಂಗಿಲ್ಲ, ಉಹ್ಞೂಂನೂ ಅನ್ನಂಗಿಲ್ಲ. ನನಗ ಭಾಳ ಅಂಜಿಕಿ ಆಗಾಕತ್ತೇತಿ.” ಅವನು ಗೋಡೆಯ ಕಡೆ ಹೊರಳಿ ಮಲಗಿದ. ಹೀರೇಕಾಯಿ ಚೀಲದಲ್ಲೇ ಉಳಿಯಿತು.

*

ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಯಾರೂ ಇರಲಿಲ್ಲ. ಮಹಾನಂದಾ ಮೂರು ವಹಿಗಳನ್ನೂ ಮರಳಿ ಸೇರಿಸಿದಳು. ‘ಶನಿವಾರ ಉದ್ದೇಶಪೂರ್ವಕವಾಗಿ ತೆಗೆದವಳು ನಾನು’ ಎಂದು ದಾಖಲೆಯಲ್ಲಿ ಬರೆದು ಹೆಸರು ಹಾಕಿದಳು. ತುಲೆ ಮತ್ತೆ ಹಳೆಯ ಲೆಕ್ಕಕ್ಕೆ ಬಂತು. ಈ ಸಲ ಅವಳು ಮೊತ್ತ ನೋಡಿ ಬಿಡಲಿಲ್ಲ, ಬಿಡಿಸಿ ನೋಡಿದಳು. ಇಟಗಿಯವರ ಆರು ಪಾಲು ಎಲ್ಲಿಂದ ಬಂತು? ಪ್ರಸ್ತಾವನೆಯಲ್ಲಿ ಅವರ ಪಾಲು ಸೊನ್ನೆ. ವಿಧಾನದಲ್ಲಿ ಸೊನ್ನೆ. ಚರ್ಚೆಯಲ್ಲಿ ಸೊನ್ನೆ. ಆರಕ್ಕೆ ಆರೂ ಮೂರನೆಯ ಕೋಷ್ಟಕದಿಂದಲೇ ಬಂದಿತ್ತು. ಆ ಇಡೀ ಪ್ರಬಂಧದಲ್ಲಿ ಅವರು ತಾವೇ ಯೋಚಿಸಿ ಮಾಡಿದ ಕೆಲಸ ಅದೊಂದೇ.

ಅವಳು ನರಗುಂದಕ್ಕೆ ಫೋನ್ ಮಾಡಿದಳು. “ಬಾಯಾರ, ಕಾಲು ಊದ್ಯಾವ್ರಿ. ನಾ ಅವತ್ತು ಸುಳ್ಳು ಹೇಳಿದೆ.”

“ನಾಳಿ ಮೊದಲನೇ ಬಸ್ಸಿಗೆ ಬರ್ತೀನಿ” ಎಂದಳು ಕಸ್ತೂರಿ. “ಆದ್ರ ನಿಮ್ಮ ಆ ಕಾಗದಕ್ಕ ಸಹಿ ಮಾಡಂಗಿಲ್ಲ. ಮೂರನೇ ಕೋಷ್ಟಕ ತಗದು ನನ್ನ ಕೋಷ್ಟಕ ಹಾಕಬೇಕು. ಅರ್ಧದ್ದೂ ಹಾಕಬೇಕು. ಅದಕ್ಕ ಸಹಿ ಮಾಡ್ತೀನಿ.”

ಇಂದುಮತಿಯವರು ಸೋಮವಾರ ಎರಡು ತಾಸು ವಾದಿಸಿದರು. ತಿದ್ದುಪಡಿ ಪ್ರಕಟವಾದ ಗಳಿಗೆಗೆ ಔಷಧ ಮಂಡಳಿ ಮದ್ದು ನಿಲ್ಲಿಸುತ್ತದೆ, ಅರ್ಧ ಪ್ರಮಾಣಕ್ಕೆ ಅಪ್ಪಣೆ ಕೊಡಲು ಎಷ್ಟು ವಾರ ಹಿಡಿಯುತ್ತದೋ ದೇವರಿಗೇ ಗೊತ್ತು, ಆ ನಡುವೆ ಸಾಯುವವರಿಗೆ ಯಾರು ಉತ್ತರ ಹೇಳುವವರು ಎಂದರು.

“ನಾನ ಹೇಳ್ತೀನ್ರಿ” ಎಂದಳು ಕಸ್ತೂರಿ. “ಅದಕ್ಕ ಅಲ್ಲೇನ್ರಿ ಕರ್ತೃ ಅನ್ನೂದು?”

ಇಂದುಮತಿಯವರು ಅವಳ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಪೆನ್ನು ಕೇಳಿದರು.

*

ಧಾರಿಣಿ ನಿಂತಿತು. ಮಂಡಳಿ ಇಪ್ಪತ್ತಾರು ದಿನ ತೆಗೆದುಕೊಂಡಿತು. ಅಷ್ಟೂ ದಿನ ಕಸ್ತೂರಿ ನರಗುಂದಕ್ಕೆ ಮರಳಲಿಲ್ಲ. ಪತ್ರಿಕೆಯ ಕಚೇರಿಯ ಒಂದು ಮೇಜಿಗೆ ಕೂತು ಮಂಡಳಿಯ ಪ್ರಶ್ನೆಗಳಿಗೆ ತನ್ನ ಹಳೆಯ ವಹಿಯಿಂದ ಒಂದೊಂದಾಗಿ ಉತ್ತರ ಬರೆದಳು. ಇಪ್ಪತ್ತಾರು ವರ್ಷದ ಹಿಂದಿನ ಇಲಿಯೊಂದರ ತೂಕ ಕೇಳಿದರೆ ಆ ದಿನ ತಕ್ಕಡಿ ಯಾಕೆ ಸರಿಯಿರಲಿಲ್ಲ ಎಂಬುದನ್ನೂ ಹೇಳಬಲ್ಲವಳಾಗಿದ್ದಳು.

ಹದಿನೈದನೆಯ ದಿನ ಗುರುಪಾದನ ಉಸಿರು ಸೋತಿತು. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಚ್ಚಿದರು. ಗಂಟಲಲ್ಲಿ ಕೊಳವೆ, ಮಾತಿಲ್ಲ. ಮಹಾನಂದಾ ಅವನ ಅಂಗೈ ಹಿಡಿದು ಕೂತಿರುತ್ತಿದ್ದಳು. ಮೊದಮೊದಲು ಅವನು ಬೆರಳಿಂದ ಒತ್ತಿ ಹೌದು, ಇಲ್ಲ ಹೇಳುತ್ತಿದ್ದ. ನಾಲ್ಕನೆಯ ದಿನಕ್ಕೆ ಒತ್ತುವುದು ನಿಂತಿತು. ಆಮೇಲೆ ಕಣ್ಣುಮುಚ್ಚಿ ತೆರೆದು ಹೇಳತೊಡಗಿದ. ಒಮ್ಮೆ ಅವಳು, “ನನ್ನ ಮ್ಯಾಲ ಸಿಟ್ಟೈತೇನ್ರಿ?” ಎಂದು ಕೇಳಿದಳು. ಅವನು ಕಣ್ಣು ಮುಚ್ಚಿದ. ತೆರೆಯಲು ಎಷ್ಟು ತಡ ಮಾಡಿದನೆಂದರೆ ಅದು ಹೌದೋ, ಇಲ್ಲವೋ, ನಿದ್ದೆಯೋ ಅವಳಿಗೆ ತಿಳಿಯಲಿಲ್ಲ.

ಮದ್ದು ಬರುವ ಮೊದಲೇ ಹನ್ನೊಂದು ದಿನ ಯಂತ್ರದ ಮೇಲೆ ಕಳೆದ. ಇಪ್ಪತ್ತೇಳನೆಯ ದಿನ ಅರ್ಧ ಪ್ರಮಾಣದ ಮೊದಲ ಚುಚ್ಚುಮದ್ದು ಬಂತು. ಮರುವಾರ ಕೊಳವೆ ತೆಗೆದರು. ಮೂರು ತಿಂಗಳಿಗೆ ಕಾಲಿನ ಬಾವು ಇಳಿಯಿತು, ಹೃದಯದ ಚಿತ್ರದಲ್ಲಿ ಊತ ನಿಂತಿದ್ದು ಕಂಡಿತು. ಬೆರಳುಗಳು ಮರಳಲಿಲ್ಲ. ಗದುಗಿನ ಪೆಟ್ಟಿಗೆಯ ಧಣಿ ಬಂದು ಬಿಚ್ಚಿದ ಭಾಗಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಗುರುಪಾದ ಅವತ್ತು ಊಟ ಮಾಡಲಿಲ್ಲ. ಮಹಾನಂದಾ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು, ಅವನು ಮುಖ ತಿರುಗಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಆ ಇಪ್ಪತ್ತಾರು ದಿನಗಳಲ್ಲಿ ಮೂವರು ಸತ್ತರು.

ಪ್ರಬಂಧ ಹೊಸದಾಗಿ ಅಚ್ಚಾಯಿತು. ಮೇಲೆ ಒಂದೇ ಹೆಸರು, ಕೆಳಗೆ ಪತ್ರಿಕೆಯ ಕಚೇರಿಯ ವಿಳಾಸ. ಸನ್ಮಾನಕ್ಕೆಂದು ಎರಡು ಕಡೆಯಿಂದ ಕರೆ ಬಂತು, ಕಸ್ತೂರಿ ಹೋಗಲಿಲ್ಲ. ವಾರದಲ್ಲಿ ಎರಡು ದಿನ ನರಗುಂದದಿಂದ ಬಂದು ರೋಗಿಗಳ ಪತ್ರಗಳಿಗೆ ಉತ್ತರ ಬರೆಯುತ್ತಿದ್ದಳು. ವಹಿ ತೆಗೆದ ತಪ್ಪಿಗೆ ಮಹಾನಂದಾಳನ್ನು ತುಲೆಯಿಂದ ಬಿಡಿಸಿ ಅದೇ ಪತ್ರಗಳ ವಿಂಗಡಣೆಗೆ ಹಾಕಿದ್ದರು. ಇಬ್ಬರೂ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು, ಮಾತು ಕಡಿಮೆ.

ಒಂದು ಬುಧವಾರ ಹನ್ನೊಂದರ ಸುಮಾರಿಗೆ ಹೆಂಗಸೊಬ್ಬಳು ಒಳಗೆ ಬಂದಳು. ಚಿಕ್ಕೋಡಿ ಕಡೆಯವಳು, ನಲವತ್ತರ ವಯಸ್ಸು, ಕಂಕುಳಲ್ಲಿ ಬಟ್ಟೆಯ ಚೀಲ. ಯಾರಿಗೂ ನಮಸ್ಕಾರ ಹೇಳಲಿಲ್ಲ.

“ಆ ಧಾರಿಣಿದು ಬರದಾಕಿ ಯಾರು?”

ಮಹಾನಂದಾ ಎದ್ದು ನಿಂತಳು. “ಏನ್ ಬೇಕಾಗಿತ್ರಿ?”

“ನನ್ನ ತಮ್ಮ ಬಾಹುಬಲಿ. ಚಲೋ ಇದ್ದ, ಸೈಕಲ್ ಹೊಡೀತಿದ್ದ. ಮದ್ದು ನಿಲ್ಲಿಸಿದ್ರಿ. ಹದಿನೆಂಟು ದಿನಕ್ಕ ಹ್ವಾದ.” ಅವಳು ಚೀಲವನ್ನು ಎದೆಗೆ ಅವಚಿಕೊಂಡಳು. “ದವಾಖಾನ್ಯಾಗ ಕೇಳಿದ್ರ ಮಂಡಳಿ ಅಂದ್ರು. ಮಂಡಳ್ಯಾಗ ಕೇಳಿದ್ರ ಪತ್ರಿಕಿ ಅಂದ್ರು. ನನಗ ಮನಷ್ಯಾ ಬೇಕು. ಇದನ್ನ ಬರದ ಮನಷ್ಯಾ ಯಾರು?”

ಮಹಾನಂದಾ ಬೇರೆ ದಿನ ಬನ್ನಿ ಎನ್ನಬಹುದಿತ್ತು. ಅರ್ಜಿ ಕೊಟ್ಟು ಹೋಗಿ ಎನ್ನಬಹುದಿತ್ತು. ಅಷ್ಟರಲ್ಲಿ ಕಸ್ತೂರಿ ಮೇಜಿನ ಹಿಂದಿನಿಂದ ಎದ್ದು ಬಂದು ಆ ಹೆಂಗಸಿನ ಎದುರು ನಿಂತಳು.

“ನಾನ ಬರದೀನ್ರಿ” ಎಂದಳು. “ನಿಲ್ಲಿಸಿದಾಕಿನೂ ನಾನ. ಕೂಡ್ರಿ.”

ಬಂದವಳು ಕೂರಲಿಲ್ಲ. ಇಷ್ಟು ಸಲೀಸಾಗಿ ಉತ್ತರ ಸಿಗುತ್ತದೆಂದು ಅವಳು ಎಣಿಸಿರಲಿಲ್ಲವೇನೋ. ಕೈಯೆತ್ತಿದಳು, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬಾಯಿಗೆ ಒತ್ತಿಕೊಂಡಳು. ಮಹಾನಂದಾ ಮೂರು ಕುರ್ಚಿ ಎಳೆದು ಹಾಕಿದಳು. ಒಂದರಲ್ಲಿ ಕಸ್ತೂರಿ ಕೂತಳು. ಅವಳ ಮಗ್ಗುಲಿನದರಲ್ಲಿ, ಯಾರೂ ಹೇಳದಿದ್ದರೂ, ಮಹಾನಂದಾ ಕೂತಳು. ಕೊನೆಗೆ ಆ ಹೆಂಗಸೂ ಕೂತಳು. ಚೀಲದಿಂದ ಆಸ್ಪತ್ರೆಯ ಕಾಗದಗಳ ಕಟ್ಟು ತೆಗೆದು ಕಸ್ತೂರಿಯ ತೊಡೆಯ ಮೇಲೆ ಇಟ್ಟಳು.

“ಹಂಗಾದ್ರ ಓದ್ರಿ” ಎಂದಳು. “ಎಲ್ಲಾ ಓದ್ರಿ. ನನ್ನ ಮುಂದ.”

ಕಸ್ತೂರಿ ಕನ್ನಡಕ ಸರಿಮಾಡಿಕೊಂಡು ಮೊದಲ ಹಾಳೆ ತಿರುವಿ, ಗಟ್ಟಿಯಾಗಿ ಓದತೊಡಗಿದಳು.